ಸಾಲಿಡ್ ಕಳಿಸಿದರೆ ಸರ್ಫೇಸ್ ಆಗಿ ಬರುವುದೇಕೆ?

ಪ್ರಶ್ನೆ: ನಮ್ಮ ವಿನ್ಯಾಸ ತಂಡ ಉತ್ಪನ್ನದ ಹೊರ ಆಕಾರವನ್ನು ರೈನೋ ಎಂಬ 3ಡಿ ವಿನ್ಯಾಸ ಸಾಫ್ಟ್‌ವೇರ್‌ನಲ್ಲಿ ಮಾಡುತ್ತದೆ. ಒಳಗಿನ ರಿಬ್ (ಗೋಡೆಗೆ ಬಲ ಕೊಡುವ ಪಟ್ಟಿ), ಬಾಸ್ (ಸ್ಕ್ರೂ ಕೂರುವ ಗುಬ್ಬಿ), ಸ್ಕ್ರೂ ರಂಧ್ರಗಳನ್ನು ಎಂಜಿನಿಯರಿಂಗ್ ತಂಡ ಸಾಲಿಡ್‌ವರ್ಕ್ಸ್‌ನಲ್ಲಿ ಸೇರಿಸುತ್ತದೆ. ಎರಡರ ನಡುವೆ ಮಾಡೆಲ್ ಸಾಗಿಸುವ ಸ್ಟೆಪ್ ಫೈಲ್ ಕೆಲವೊಮ್ಮೆ ನೆಟ್ಟಗೆ ತೆರೆದುಕೊಳ್ಳುತ್ತದೆ, ಕೆಲವೊಮ್ಮೆ ನೂರಾರು ಬಿಡಿ ಸರ್ಫೇಸ್‌ಗಳಾಗಿ ಬರುತ್ತದೆ. ಸಾಲಿಡ್ ಆಗಿ ಬಂದಾಗಲೂ ಒಳಗೆ ಟೊಳ್ಳು ಮಾಡುವ ಶೆಲ್ ಕಮಾಂಡ್ ಕೈಕೊಡುತ್ತದೆ. ಒಮ್ಮೆ ಒಂದು ಭಾಗ 25.4 ಪಟ್ಟು ದೊಡ್ಡದಾಗಿ ಬಂತು. ಫಿಲೆಟ್, ಅಂದರೆ ದುಂಡಾಗಿಸಿದ ಅಂಚಿನ, ಅಳತೆ ಬದಲಾಯಿಸಲು ಆಗುವುದೇ ಇಲ್ಲ. ಐಜೆಸ್, ಪ್ಯಾರಾಸಾಲಿಡ್, ಎಸ್‌ಟಿಎಲ್, ಇವುಗಳಲ್ಲಿ ಯಾವ ಫೈಲ್ ಫಾರ್ಮ್ಯಾಟ್‌ಗೆ ಬದಲಾಯಿಸಬೇಕು?

ಉತ್ತರ: ಸದ್ಯಕ್ಕೆ ಯಾವುದಕ್ಕೂ ಬೇಡ, ಸ್ಟೆಪ್‌ನಲ್ಲೇ ಇರಿ. ಫೈಲ್ ಒಡೆದು ಬಂದಾಗ ಫಾರ್ಮ್ಯಾಟನ್ನು ದೂರುವುದು ವಾಡಿಕೆ. ಐಜೆಸ್ ಕಳಿಸಿ ನೋಡುತ್ತಾರೆ, ಅದೂ ಆಗದಿದ್ದರೆ ಸ್ಯಾಟ್ ಎಂಬ ಇನ್ನೊಂದು ಫಾರ್ಮ್ಯಾಟ್ ಕಳಿಸುತ್ತಾರೆ, ಯಾವುದೋ ಒಂದು ಅದೃಷ್ಟಕ್ಕೆ ತೆರೆದುಕೊಂಡರೆ ಇನ್ನು ಮುಂದೆ ಅದೇ ಒಳ್ಳೆಯದು ಎಂಬ ನಂಬಿಕೆ ತಂಡದಲ್ಲಿ ಬೇರೂರುತ್ತದೆ. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಕಳಿಸುವ ಮಾಡೆಲ್‌ನಲ್ಲಿ. ದುರಸ್ತಿಯೂ ಅಲ್ಲೇ ಆಗಬೇಕು.

ಮೊದಲು ಬಿಡಿ ಸರ್ಫೇಸ್‌ಗಳ ವಿಷಯ. ಈ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಸಾಲಿಡ್ ಎಂದರೆ ಅಂಚಿಗೆ ಅಂಚು ಕೂಡಿ, ಎಲ್ಲೂ ಬಾಯಿಬಿಡದೆ ಮುಚ್ಚಿಕೊಂಡ ಸರ್ಫೇಸ್‌ಗಳ ಚಿಪ್ಪು. ಎರಡು ವಕ್ರ ಸರ್ಫೇಸ್‌ಗಳು ಸಂಧಿಸುವ ಗೆರೆಯನ್ನು ನಿಖರ ಸೂತ್ರವಾಗಿ ಬರೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಆದ್ದರಿಂದ ಅಂದಾಜಿನ ಕರ್ವ್ ಒಂದನ್ನು ಹಾಕಿ ಅದನ್ನೇ ಅಂಚು ಎನ್ನುತ್ತಾರೆ. ಆ ಅಂದಾಜು ಎಷ್ಟು ಹತ್ತಿರ ಇರಬೇಕು, ಎಷ್ಟು ಸಂದಿಯಿದ್ದರೂ ಎರಡು ಅಂಚು ಕೂಡಿವೆ ಎಂದು ಒಪ್ಪಬೇಕು, ಎರಡನ್ನೂ ತೀರ್ಮಾನಿಸುವುದು ಟಾಲರೆನ್ಸ್. ರೈನೋದಲ್ಲಿ ಈ ಸಂಖ್ಯೆ ಫೈಲಿನಿಂದ ಫೈಲಿಗೆ ಬೇರೆ, ಆರಂಭದಲ್ಲಿ ಆರಿಸಿದ ಟೆಂಪ್ಲೇಟ್‌ನಿಂದ ಬರುತ್ತದೆ. ಸಾಲಿಡ್‌ವರ್ಕ್ಸ್ ಒಳಗೆ ಇರುವ ಪ್ಯಾರಾಸಾಲಿಡ್ ಕರ್ನಲ್‌ನಲ್ಲಿ (ಆಕಾರದ ಗಣಿತ ಮಾಡುವ ತಿರುಳು) ಅದು ಸ್ಥಿರ: 0.00001 ಮಿ.ಮೀ. ನಿಮ್ಮ ರೈನೋ ಫೈಲಿನ ಟಾಲರೆನ್ಸ್ 0.01 ಮಿ.ಮೀ. ಆಗಿದ್ದರೆ, ನಿಮ್ಮ ಕಡೆ ಕೂಡಿದೆ ಎನಿಸಿಕೊಂಡ ಅಂಚಿನಲ್ಲಿ ಆ ಕಡೆಯವರ ಲೆಕ್ಕಕ್ಕಿಂತ 1000 ಪಟ್ಟು ಅಗಲದ ಸಂದಿ ಇರಬಹುದು. ಪ್ಯಾರಾಸಾಲಿಡ್ ಅಂಥ ಅಂಚುಗಳಿಗೆ ಪ್ರತ್ಯೇಕ ಸಡಿಲ ಟಾಲರೆನ್ಸ್ ಕೊಟ್ಟು ಒಂದು ಮಿತಿಯವರೆಗೆ ಸಹಿಸಿಕೊಳ್ಳುತ್ತದೆ. ಕೆಲವು ಫೈಲ್ ತೆರೆದುಕೊಂಡು ಕೆಲವು ಒಡೆಯುವುದು ಅದಕ್ಕೇ. ಸಹಿಸಿಕೊಂಡು ಸಾಲಿಡ್ ಎಂದು ಒಪ್ಪಿದ ಮೇಲೂ ಆ ಸಡಿಲ ಅಂಚುಗಳು ಅಲ್ಲೇ ಇರುತ್ತವೆ. ಫಿಲೆಟ್, ಶೆಲ್, ಬೂಲಿಯನ್ (ಆಕಾರಗಳನ್ನು ಕೂಡಿಸುವುದು, ಕಳೆಯುವುದು) ಮಾಡುವಾಗ ಒಂದೊಂದಾಗಿ ತಲೆ ಎತ್ತುತ್ತವೆ.

ಹಾಗಾಗಿ ಅಂಗೈ ಗಾತ್ರದಿಂದ ಒಂದು ಮೀಟರ್‌ವರೆಗಿನ ಉತ್ಪನ್ನಗಳಿಗೆ ರೈನೋ ಫೈಲನ್ನು ಮಿಲಿಮೀಟರ್‌ನಲ್ಲಿ, 0.001 ಟಾಲರೆನ್ಸ್‌ನಲ್ಲಿ ಶುರುಮಾಡಿ. ‘ಶುರುಮಾಡಿ’ ಎಂದದ್ದಕ್ಕೆ ಕಾರಣವಿದೆ. ಕೆಲಸ ಮುಗಿದ ಮೇಲೆ ಸೆಟ್ಟಿಂಗ್‌ನಲ್ಲಿ ಸಂಖ್ಯೆ ಬದಲಾಯಿಸಿದರೆ ಈಗಾಗಲೇ ಟ್ರಿಮ್ ಆದ (ಕತ್ತರಿಸಿದ) ಅಂಚುಗಳು ಬದಲಾಗುವುದಿಲ್ಲ, ಮುಂದೆ ಮಾಡುವ ಕಮಾಂಡ್‌ಗಳಿಗೆ ಮಾತ್ರ ಅದು ಅನ್ವಯ. ಹಾಗೆಂದು 0.00001ಕ್ಕೆ ಇಳಿಸಲೂ ಹೋಗಬೇಡಿ. ಪ್ರತಿಯೊಂದು ಛೇದ ಕರ್ವ್‌ಗೂ ಕಂಟ್ರೋಲ್ ಪಾಯಿಂಟ್‌ಗಳ (ಬಾಗನ್ನು ರೂಪಿಸುವ ಬಿಂದುಗಳ) ರಾಶಿ ಬಿದ್ದು ಫೈಲ್ ಊದಿಕೊಳ್ಳುತ್ತದೆ, ಕಮಾಂಡ್‌ಗಳು ತೆವಳುತ್ತವೆ, ಫಿಲೆಟ್‌ಗಳು ಇನ್ನಷ್ಟು ಸೋಲುತ್ತವೆ.

ಕಳಿಸುವ ಮುನ್ನ ಮಾಡೆಲನ್ನು ಹೀಗೆ ತಪಾಸಿಸಿ. ಫೈಲಿನ ಒಂದು ಪ್ರತಿ ಮಾಡಿಕೊಂಡು, ರೈನೋದಲ್ಲಿ ಸೆಲ್‌ಬ್ಯಾಡ್‌ಆಬ್ಜೆಕ್ಟ್ಸ್ ಕಮಾಂಡ್ ಕೊಡಿ. ಏನಾದರೂ ಆಯ್ಕೆಯಾದರೆ ಎಕ್ಸ್‌ಟ್ರಾಕ್ಟ್‌ಬ್ಯಾಡ್‌ಸರ್ಫ್‌ನಿಂದ ಆ ಸರ್ಫೇಸನ್ನು ಹೊರತೆಗೆದು ಹೊಸದಾಗಿ ಕಟ್ಟಿ. ಆಮೇಲೆ ಶೋಎಡ್ಜಸ್ ಕೊಟ್ಟು ನೇಕೆಡ್ ಎಡ್ಜ್ (ಯಾವುದಕ್ಕೂ ಕೂಡದ ಅಂಚು) ಮತ್ತು ನಾನ್‌ಮ್ಯಾನಿಫೋಲ್ಡ್ ಎಡ್ಜ್ (ಎರಡಕ್ಕಿಂತ ಹೆಚ್ಚು ಮುಖ ಸೇರುವ ಅಂಚು) ಎರಡೂ ಸೊನ್ನೆ ಇವೆಯೇ ನೋಡಿ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಆದರೆ ಈ ಸೊನ್ನೆಯನ್ನು ಪೂರ್ತಿ ನಂಬುವಂತಿಲ್ಲ. ಯಾರಾದರೂ ಅವಸರದಲ್ಲಿ ಜಾಯಿನ್‌ಎಡ್ಜ್ ಬಳಸಿದ್ದರೆ ಸಂದಿ ಮುಚ್ಚಿರುವುದಿಲ್ಲ. ಆ ಕಮಾಂಡ್ ಸರ್ಫೇಸನ್ನು ಜರುಗಿಸುವುದೇ ಇಲ್ಲ, ‘ಇವೆರಡು ಒಂದೇ ಅಂಚು’ ಎಂದು ದಾಖಲೆಯಲ್ಲಿ ಬರೆದುಕೊಳ್ಳುತ್ತದೆ ಅಷ್ಟೆ. ಪರದೆಯ ಮೇಲೆ ಕ್ಲೋಸ್ಡ್ ಸಾಲಿಡ್ ಪಾಲಿಸರ್ಫೇಸ್ ಎಂದೇ ತೋರಿಸುತ್ತದೆ, ಸ್ಟೆಪ್ ಆಗಿ ಹೋದಾಗ ಸಂದಿ ಮತ್ತೆ ಬಾಯಿಬಿಡುತ್ತದೆ.

ಇದನ್ನು ಹಿಡಿಯಲು ಆ ಪ್ರತಿಯಲ್ಲೇ ಎಕ್ಸ್‌ಪ್ಲೋಡ್ ಮಾಡಿ ಎಲ್ಲ ಸರ್ಫೇಸ್ ಬಿಡಿಸಿ, ರೀಬಿಲ್ಡ್‌ಎಡ್ಜಸ್ ಕೊಡಿ. ಎಳೆದು ಕೂಡಿಸಿದ್ದ ಅಂಚುಗಳು ತಂತಮ್ಮ ಸರ್ಫೇಸ್‌ನ ಮೇಲೆ ಹಿಂತಿರುಗುತ್ತವೆ. ಈಗ 0.001 ಟಾಲರೆನ್ಸ್‌ನಲ್ಲಿ ಮತ್ತೆ ಜಾಯಿನ್ ಮಾಡಿ, ಶೋಎಡ್ಜಸ್ ನೋಡಿ. ನಿಜವಾದ ಸಂದಿಗಳು ಎದ್ದು ಕಾಣುತ್ತವೆ. ಸಾಮಾನ್ಯವಾಗಿ ಸಿಗುವ ಜಾಗಗಳು ಎರಡು: ಮೂರು ಫಿಲೆಟ್ ಒಂದೇ ಮೂಲೆಯಲ್ಲಿ ಸೇರುವ ಕಡೆ ಕೈಯಿಂದ ಹಾಕಿದ ಪ್ಯಾಚ್, ಮತ್ತು ಫಿಲೆಟ್ ಕ್ರಮೇಣ ಸಣ್ಣದಾಗಿ ಮಾಯವಾಗುವ ತುದಿ. ಪ್ಯಾಚ್ ಕಮಾಂಡ್ ಅಂಚಿಗೆ ಹತ್ತಿರ ಹೋಗುತ್ತದೆ, ಮುಟ್ಟುವ ಖಾತ್ರಿಯಿಲ್ಲ. ಅಲ್ಲಿ ನಾಲ್ಕು ಬದಿಯ ಸರ್ಫೇಸ್ ಬರುವ ಹಾಗೆ ಮೂಲೆಯನ್ನು ಕತ್ತರಿಸಿ ನೆಟ್‌ವರ್ಕ್‌ಸರ್ಫ್ ಅಥವಾ ಸ್ವೀಪ್‌ನಿಂದ ಕಟ್ಟಿ, ಮ್ಯಾಚ್‌ಸರ್ಫ್‌ನಿಂದ ಪಕ್ಕದ ಸರ್ಫೇಸ್‌ಗೆ ಹೊಂದಿಸಿ. ಕೆಲಸ ಹೆಚ್ಚು, ನಿಜ. ಆದರೆ ಮೂಲೆಯೊಂದಕ್ಕೆ ಹಿಡಿಯುವ ಈ ಸಮಯ ಆ ಕಡೆ ಪೋಲಾಗುವ ಸಮಯಕ್ಕಿಂತ ಯಾವಾಗಲೂ ಕಡಿಮೆ.

ಎಕ್ಸ್‌ಪೋರ್ಟ್ ಮಾಡುವಾಗ ಸ್ಟೆಪ್‌ನ ಸ್ಕೀಮಾ (ಎಪಿ203, ಎಪಿ214ರಂಥ ಉಪಮಾನಕ) ಯಾವುದೆಂದು ಕೇಳುತ್ತದೆ. ಸ್ಟೆಪ್ ಎಂದರೆ ಐಎಸ್‌ಒ 10303 ಮಾನಕ. ಮೊದಲ ಭಾಗಗಳು ಪ್ರಕಟವಾದದ್ದು 1994ರಲ್ಲಿ. ಎಪಿ203ರ ಮೊದಲ ಆವೃತ್ತಿಯಲ್ಲಿ ಬಣ್ಣಕ್ಕೆ ಜಾಗವಿರಲಿಲ್ಲ. ವಾಹನ ಉದ್ಯಮಕ್ಕಾಗಿ ಬಂದ ಎಪಿ214ರಲ್ಲಿ ಬಣ್ಣ, ಲೇಯರ್ ಇವೆ. ಇವೆರಡನ್ನೂ ಒಂದು ಮಾಡಿ 2014ರಲ್ಲಿ ಎಪಿ242 ಬಂತು. ಬರಿಯ ಆಕಾರ ಮತ್ತು ಬಣ್ಣ ಸಾಕಾದರೆ ಎಪಿ214 ಆರಿಸಿ, ಎಲ್ಲ ಕಡೆ ತೆರೆದುಕೊಳ್ಳುತ್ತದೆ. ಎಪಿ242ರ ಲಾಭ ಇರುವುದು ಅಳತೆ ಮತ್ತು ಸಹಿಷ್ಣುತಾ ಟಿಪ್ಪಣಿಗಳನ್ನು ಮಾಡೆಲ್ ಜೊತೆಗೇ ಕಳಿಸುವವರಿಗೆ. ಐಜೆಸ್ 1980ರಲ್ಲಿ ಹುಟ್ಟಿದ್ದು, ಕೊನೆಯ ಆವೃತ್ತಿ 5.3 ಬಂದದ್ದು 1996ರಲ್ಲಿ. ಅದರಲ್ಲೂ ಸಾಲಿಡ್ ಬರೆಯಲು ಎಡೆಯಿದೆ, ಆದರೆ ರೂಢಿಯಲ್ಲಿ ಬಹುತೇಕ ಸಾಫ್ಟ್‌ವೇರ್‌ಗಳು ಟ್ರಿಮ್ ಆದ ಬಿಡಿ ಸರ್ಫೇಸ್‌ಗಳನ್ನೇ ಬರೆಯುತ್ತವೆ. ಯಾವುದರ ಪಕ್ಕ ಯಾವುದು ಎಂಬ ಸಂಬಂಧವನ್ನು ಓದುವವರೇ ಊಹಿಸಿಕೊಳ್ಳಬೇಕು. ಒಂದೆರಡು ಬಿಡಿ ಸರ್ಫೇಸ್ ಅಥವಾ ಕರ್ವ್ ಕಳಿಸುವುದಿದ್ದರೆ ಐಜೆಸ್ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸಾಲಿಡ್‌ಗೆ ಬೇಡ.

ಪ್ಯಾರಾಸಾಲಿಡ್‌ನ ಎಕ್ಸ್_ಟಿ ಫೈಲ್ ಬೇರೆ ಬಗೆಯದು. ಕಳಿಸುವವರೂ ಪಡೆಯುವವರೂ ಒಂದೇ ಕರ್ನಲ್ ಬಳಸುವಾಗ ಅದಕ್ಕಿಂತ ಒಳ್ಳೆಯದಿಲ್ಲ. ಎನ್‌ಎಕ್ಸ್, ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ಆನ್‌ಶೇಪ್ ನಾಲ್ಕೂ ಪ್ಯಾರಾಸಾಲಿಡ್ ಮೇಲೆ ನಿಂತಿರುವುದರಿಂದ ಇವುಗಳ ನಡುವೆ ಅನುವಾದವೇ ಆಗುವುದಿಲ್ಲ. ರೈನೋದ ಗಣಿತ ಬೇರೆ. ರೈನೋ ಎಕ್ಸ್_ಟಿ ಬರೆಯುತ್ತದೆ, ಆದರೆ ಅನುವಾದ ಅಲ್ಲೂ ಆಗಿಯೇ ಆಗುತ್ತದೆ, ಅಷ್ಟೇನೂ ಗೆಲ್ಲುವುದಿಲ್ಲ. ಒಂದು ಎಚ್ಚರಿಕೆ: ಸಾಲಿಡ್‌ವರ್ಕ್ಸ್‌ನಿಂದ ಎಕ್ಸ್_ಟಿ ಕಳಿಸುವಾಗ ಪಡೆಯುವವರ ಆವೃತ್ತಿ ಹಳೆಯದಾದರೆ ಪ್ಯಾರಾಸಾಲಿಡ್‌ನ ಹಳೆಯ ಆವೃತ್ತಿ ಸಂಖ್ಯೆಯನ್ನು ಆರಿಸಿ ಉಳಿಸಿ. ಹೊಸ ಆವೃತ್ತಿಯ ಫೈಲನ್ನು ಹಳೆಯದು ಓದುವುದಿಲ್ಲ.

ಸ್ಟೆಪ್ ಫೈಲಿನ ಒಳಗೆ ಏನು ಹೋಗಿದೆ ಎಂದು ನೋಡಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಅದು ಸಾದಾ ಪಠ್ಯ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆದುಕೊಳ್ಳುತ್ತದೆ. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿರುವ ಪದಗಳು ಅಲ್ಲಿ ರೋಮನ್ ದೊಡ್ಡಕ್ಷರದಲ್ಲಿ, ನಡುವೆ ಅಡಿಗೆರೆ ಹಾಕಿಕೊಂಡು ಇರುತ್ತವೆ. ಮೇಲ್ಗಡೆ ಫೈಲ್_ಸ್ಕೀಮಾ ಸಾಲಿನಲ್ಲಿ ‘ಆಟೋಮೋಟಿವ್_ಡಿಸೈನ್’ ಎಂದಿದ್ದರೆ ಅದು ಎಪಿ214, ‘ಕಾನ್‌ಫಿಗ್_ಕಂಟ್ರೋಲ್_ಡಿಸೈನ್’ ಎಂದಿದ್ದರೆ ಎಪಿ203. ಮುಂದೆ ‘ಮ್ಯಾನಿಫೋಲ್ಡ್_ಸಾಲಿಡ್_ಬಿರೆಪ್’ ಹುಡುಕಿ. ಎಷ್ಟು ಸಲ ಸಿಗುತ್ತದೆಯೋ ಅಷ್ಟು ಸಾಲಿಡ್ ಫೈಲಿನಲ್ಲಿವೆ. ಒಂದೂ ಸಿಗದೆ ‘ಶೆಲ್_ಬೇಸ್ಡ್_ಸರ್ಫೇಸ್_ಮಾಡೆಲ್’, ‘ಓಪನ್_ಶೆಲ್’ ಸಿಕ್ಕರೆ ಹೋಗಿರುವುದೇ ಬಿಡಿ ಸರ್ಫೇಸ್, ಆ ಕಡೆಯವರನ್ನು ದೂರಿ ಪ್ರಯೋಜನವಿಲ್ಲ. ‘ಅನ್‌ಸರ್ಟನ್ಟಿ_ಮೆಷರ್_ವಿತ್_ಯುನಿಟ್’ ಎಂಬ ಸಾಲಿನ ಸಂಖ್ಯೆಯೇ ಕಳಿಸಿದವರು ಘೋಷಿಸಿದ ಟಾಲರೆನ್ಸ್; ಬಹಳಷ್ಟು ಓದುವ ಸಾಫ್ಟ್‌ವೇರ್‌ಗಳು ಹೊಲಿಗೆ ಹಾಕುವಾಗ ಇದನ್ನು ನೋಡುತ್ತವೆ. ಇನ್ನು ‘ಎಸ್ಐ_ಯುನಿಟ್’ ಸಾಲಿನಲ್ಲಿ ಮಿಲಿ, ಮೀಟರ್ ಎರಡೂ ಪದ ಇದ್ದರೆ ಮಿಲಿಮೀಟರ್. ‘ಕನ್ವರ್ಷನ್_ಬೇಸ್ಡ್_ಯುನಿಟ್’ ಜೊತೆ ಇಂಚ್ ಎಂದಿದ್ದರೆ ಇಂಚು.

ನಿಮ್ಮ 25.4ರ ರಹಸ್ಯವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಸ್ಟೆಪ್ ಫೈಲ್ ತನ್ನ ಯುನಿಟ್ಟನ್ನು ತಾನೇ ಹೊತ್ತುಕೊಂಡು ಹೋಗುತ್ತದೆ, ಆದ್ದರಿಂದ ದಾರಿಯಲ್ಲಿ ಗಾತ್ರ ಬದಲಾಗುವುದು ಅಪರೂಪ. ಬಹುಶಃ ಯಾರೋ ಇಂಚಿನ ಟೆಂಪ್ಲೇಟ್‌ನಲ್ಲಿ ಮಿಲಿಮೀಟರ್ ಎಂದುಕೊಂಡು 80 ಎಂದು ಟೈಪ್ ಮಾಡಿದ್ದಾರೆ. ಫೈಲ್ ಅದನ್ನು 80 ಇಂಚು ಎಂದು ಪ್ರಾಮಾಣಿಕವಾಗಿ ತಲುಪಿಸಿದೆ, ಆ ಕಡೆ 2032 ಮಿ.ಮೀ. ಆಗಿದೆ. ತಪ್ಪಿನ ಅನುಪಾತವೇ ಕಾರಣ ಹೇಳುತ್ತದೆ: 25.4 ಅಂದರೆ ಇಂಚು, 10 ಅಂದರೆ ಸೆಂಟಿಮೀಟರ್, 1000 ಅಂದರೆ ಮೀಟರ್, 304.8 ಅಂದರೆ ಅಡಿ. ರೈನೋದಲ್ಲಿ ಯುನಿಟ್ ಬದಲಾಯಿಸಿದಾಗ ‘ಮಾಡೆಲನ್ನು ಸ್ಕೇಲ್ ಮಾಡಬೇಕೇ’ ಎಂದು ಕೇಳುತ್ತದೆ. ಸಂಖ್ಯೆ ಸರಿಯಿದ್ದು ಯುನಿಟ್ ಮಾತ್ರ ತಪ್ಪಿದ್ದರೆ ಬೇಡ ಎನ್ನಿ, ನಿಜ ಗಾತ್ರ ಸರಿಯಿದ್ದು ಬೇರೆ ಯುನಿಟ್‌ಗೆ ಹೋಗುವುದಿದ್ದರೆ ಬೇಕು ಎನ್ನಿ. ಎಸ್‌ಟಿಎಲ್ ಮತ್ತು ಒಬಿಜೆ ಫೈಲ್‌ಗಳ ಕತೆ ಬೇರೆ. ಎಸ್‌ಟಿಎಲ್‌ನಲ್ಲಿ ಯುನಿಟ್ ದಾಖಲಾಗುವುದೇ ಇಲ್ಲ, ಒಬಿಜೆಯಲ್ಲೂ ನೆಚ್ಚುವಂಥದ್ದು ಇರುವುದಿಲ್ಲ. 80 ಅಂದರೆ ಬರಿ 80, ತೆರೆಯುವವರು ಏನಂದುಕೊಂಡರೋ ಅದು.

ಹಾಗೆಯೇ ಮಾಡೆಲ್ ಮೂಲಬಿಂದುವಿನಿಂದ ಎಷ್ಟು ದೂರ ಇದೆ ನೋಡಿ. ಪ್ಯಾರಾಸಾಲಿಡ್ ಒಪ್ಪುವ ಜಾಗವೇ 1000 ಮೀಟರ್ ಪಕ್ಕದ ಒಂದು ಘನ, ಮೂಲಬಿಂದುವಿನಿಂದ ಪ್ರತಿ ದಿಕ್ಕಿಗೆ 500 ಮೀಟರ್. ಭೂಮಾಪನದ ನಿರ್ದೇಶಾಂಕಗಳಲ್ಲಿ ಕೂತ ಕಟ್ಟಡದಿಂದ ಒಂದು ರೇಲಿಂಗ್ ಕತ್ತರಿಸಿ ಕಳಿಸಿದರೆ ಅದು ಈ ಘನದ ಹೊರಗೇ ಬೀಳುತ್ತದೆ. ಮೂಲಬಿಂದುವಿಗೆ ತಂದು ಕಳಿಸಿ, ಎಷ್ಟು ಸರಿಸಿದ್ದೀರಿ ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈಗ ಶೆಲ್. ಸಾಲಿಡ್ ಸರಿಯಾಗಿಯೇ ಬಂದಿದ್ದರೂ ಶೆಲ್ ಸೋಲುವುದಕ್ಕೆ ಹೆಚ್ಚಿನ ಸಲ ಕಾರಣ ಬಾಗುವಿಕೆ. ಶೆಲ್ ಎಂದರೆ ಹೊರ ಸರ್ಫೇಸನ್ನು ಒಳಕ್ಕೆ ಗೋಡೆಯ ದಪ್ಪದಷ್ಟು ಸರಿಸುವುದು. ಹೊರ ಮೂಲೆಯ ತ್ರಿಜ್ಯ 1.8 ಮಿ.ಮೀ. ಇದ್ದು ಗೋಡೆ 2.5 ಮಿ.ಮೀ. ಬೇಕೆಂದರೆ ಒಳ ತ್ರಿಜ್ಯ ಮೈನಸ್ 0.7 ಆಗಬೇಕು, ಸರ್ಫೇಸ್ ತನ್ನನ್ನೇ ದಾಟಿ ಮಡಚಿಕೊಳ್ಳುತ್ತದೆ. ಒಂದೇ ತ್ರಿಜ್ಯದ ಸಾದಾ ಫಿಲೆಟ್ ಆಗಿದ್ದರೆ ಸಾಫ್ಟ್‌ವೇರ್ ಅದನ್ನು ತೆಗೆದುಹಾಕಿ ಪಕ್ಕದ ಎರಡು ಮುಖಗಳನ್ನು ಚೂಪಾಗಿ ಕೂಡಿಸಿ ಬಚಾವಾಗಬಹುದು. ಬಿ-ಸ್ಪ್ಲೈನ್ (ಕಂಟ್ರೋಲ್ ಪಾಯಿಂಟ್‌ಗಳಿಂದ ರೂಪಿಸಿದ ಮುಕ್ತ ಬಾಗಿನ) ಸರ್ಫೇಸ್‌ನ ನಡುವೆ ಎಲ್ಲೋ ಒಂದು ಕಡೆ ಬಿಗಿಯಾದ ಬಾಗು ಅಡಗಿದ್ದರೆ ಅಂಥ ಉಪಾಯ ನಡೆಯುವುದಿಲ್ಲ. ಸಾಲಿಡ್‌ವರ್ಕ್ಸ್‌ನ ಚೆಕ್ ಕಮಾಂಡ್‌ನಲ್ಲಿ ಮಿನಿಮಮ್ ರೇಡಿಯಸ್ ಆಫ್ ಕರ್ವೇಚರ್ ಎಂಬ ಆಯ್ಕೆ ಇದೆ. ಅದು ತೋರಿಸುವ ಸಂಖ್ಯೆ ಗೋಡೆ ದಪ್ಪಕ್ಕಿಂತ ಕಡಿಮೆ ಇದ್ದರೆ ಆ ಜಾಗದಲ್ಲೇ ಬೆರಳಿಡಿ. ಎರಡನೆಯ ಕಾರಣ ಚೂರು ಮುಖಗಳು. 60 ಮಿ.ಮೀ. ಉದ್ದ, 0.02 ಮಿ.ಮೀ. ಅಗಲದ ಪಟ್ಟಿಯೊಂದು ಎರಡು ಸರ್ಫೇಸ್ ನಡುವೆ ಸಿಕ್ಕಿಕೊಂಡಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಆಫ್‌ಸೆಟ್, ಅಂದರೆ ಸರ್ಫೇಸ್ ಸರಿಸುವ ಕೆಲಸ, ಮಾತ್ರ ಅಲ್ಲೇ ಮುಗ್ಗರಿಸುತ್ತದೆ. ಮುಂದೆ ಇದೇ ಮಾಡೆಲ್ ಸ್ಟ್ರೆಸ್ ವಿಶ್ಲೇಷಣೆಗೆ ಹೋದರೆ ಮೆಶ್ ಹಾಕುವಾಗಲೂ (ಲೆಕ್ಕಕ್ಕೆಂದು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ವಿಂಗಡಿಸುವಾಗಲೂ) ತೊಂದರೆ ಇದರದ್ದೇ: 2 ಮಿ.ಮೀ. ಎಲಿಮೆಂಟ್ ಕೇಳಿದ ಜಾಗದಲ್ಲಿ ಆ ಪಟ್ಟಿಗೋಸ್ಕರ ಸಾವಿರಾರು ಸೂಕ್ಷ್ಮ, ಸೊಟ್ಟ ಎಲಿಮೆಂಟ್‌ಗಳು ಹುಟ್ಟುತ್ತವೆ.

ಫಿಲೆಟ್ ಅಳತೆ ಬದಲಾಯಿಸಲು ಆಗದಿರುವುದು ದೋಷವಲ್ಲ. ನಿಮ್ಮ ಸ್ಟೆಪ್ ಫೈಲಿನಲ್ಲಿ ಹೋಗುವುದು ಕೊನೆಯ ಆಕಾರ. ಸ್ಕೆಚ್, ಎಕ್ಸ್‌ಟ್ರೂಡ್, ಫಿಲೆಟ್ ಎಂಬ ಹಂತಗಳ ಇತಿಹಾಸ ಹೋಗುವುದಿಲ್ಲ. ನಿಮ್ಮ ವಿಷಯದಲ್ಲಂತೂ ರೈನೋ ಮಾಡೆಲ್‌ನಲ್ಲೇ ಅಂಥ ಇತಿಹಾಸ ಇರುವುದಿಲ್ಲ. ಫೀಚರ್‌ವರ್ಕ್ಸ್‌ನಂಥ ಸಾಧನ ಊಹಿಸಿ ಫೀಚರ್‌ಗಳನ್ನು ಗುರುತಿಸುತ್ತದೆ; ಚೌಕ ಬ್ರಾಕೆಟ್‌ಗೆ ಸರಿ, ಬಾಗು ಬಳುಕಿನ ಹೊರಕವಚಕ್ಕೆ ಅದರಿಂದ ಏನನ್ನೂ ನಿರೀಕ್ಷಿಸಬೇಡಿ. ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ ಕೆಲಸದ ಹಂಚಿಕೆಯನ್ನೇ ಸರಿಪಡಿಸುವುದು. ಕಣ್ಣಿಗೆ ಕಾಣುವ, ಆಕಾರದ ಗುಣವನ್ನೇ ತೀರ್ಮಾನಿಸುವ ದೊಡ್ಡ ಬಾಗುಗಳು ವಿನ್ಯಾಸಕಾರರ ಕೈಯಲ್ಲಿರಲಿ. 3 ಮಿ.ಮೀ.ಗಿಂತ ಕಡಿಮೆಯ ಫಿಲೆಟ್, ಡ್ರಾಫ್ಟ್ (ಅಚ್ಚಿನಿಂದ ಬಿಡಿಸಲು ಕೊಡುವ ಇಳಿಜಾರು), ಸ್ಕ್ರೂ ರಂಧ್ರ, ಪಾರ್ಟಿಂಗ್ ಲೈನ್ (ಅಚ್ಚಿನ ಭಾಗಗಳು ಕೂಡುವ ಗೆರೆ) ಇವನ್ನು ಸೇರಿಸದೆ ಕಳಿಸಿ, ಎಂಜಿನಿಯರಿಂಗ್ ತಂಡವೇ ಸೇರಿಸಲಿ. ಎಲ್ಲ ಫಿಲೆಟ್ ಇರುವ ಇನ್ನೊಂದು ಫೈಲ್ ಹೋಲಿಕೆಗೆಂದು ಜೊತೆಗಿರಲಿ. ರಂಧ್ರಗಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ: ಸಿಲಿಂಡರ್ ಆಗಿರಬೇಕಾದ ಮುಖ ಬಿ-ಸ್ಪ್ಲೈನ್ ಆಗಿ ಹೋಗಿದ್ದರೆ ಆ ಕಡೆ ಅದಕ್ಕೆ ಅಕ್ಷವೂ ಇಲ್ಲ, ವ್ಯಾಸವೂ ಇಲ್ಲ, ಅಕ್ಷಕ್ಕೆ ಅಕ್ಷ ಹೊಂದಿಸಿ ಭಾಗ ಜೋಡಿಸುವ ಕಾನ್ಸೆಂಟ್ರಿಕ್ ಮೇಟ್ ಕೂರುವುದಿಲ್ಲ. ಮೇಲೆ ಹೇಳಿದ ಪಠ್ಯ ಫೈಲಿನಲ್ಲಿ ‘ಸಿಲಿಂಡ್ರಿಕಲ್_ಸರ್ಫೇಸ್’ ಸಿಗುತ್ತದೆಯೇ ನೋಡಿದರೆ ಗೊತ್ತಾಗುತ್ತದೆ.

ಪಡೆಯುವವರ ಕಡೆಗೂ ಎರಡು ಮಾತು. ಫೈಲ್ ತೆರೆದ ಕೂಡಲೇ, ಒಂದು ಫೀಚರ್ ಕೂಡ ಸೇರಿಸುವ ಮುನ್ನ, ಇಂಪೋರ್ಟ್ ಡಯಾಗ್ನಾಸ್ಟಿಕ್ಸ್ ಓಡಿಸಬೇಕು. ಫೀಚರ್ ಸೇರಿಸಿದ ಮೇಲೆ ಆ ಕಮಾಂಡ್ ಸಿಗುವುದಿಲ್ಲ. ದೋಷವಿರುವ ಮುಖಗಳು ಎರಡೋ ಮೂರೋ ಇದ್ದರೆ ಅಟೆಂಪ್ಟ್ ಟು ಹೀಲ್ ಆಲ್ ಒತ್ತಬಹುದು. ಇಪ್ಪತ್ತು ಮೂವತ್ತು ಇದ್ದರೆ ಫೈಲನ್ನು ವಾಪಸು ಕಳಿಸಿ. ಹೀಲಿಂಗ್ ಎಂಬುದು ಸರ್ಫೇಸನ್ನು ಹಿಗ್ಗಿಸಿ, ಅಂಚನ್ನು ಎಳೆದು ಕೂಡಿಸುವ ಕೆಲಸ. ವಿನ್ಯಾಸಕಾರರು ಬೆಳಕಿನ ಪ್ರತಿಫಲನ ನೋಡಿ ನೋಡಿ ತಿದ್ದಿದ ಬಾಗು ಅಲ್ಲಿ ಸದ್ದಿಲ್ಲದೆ ಕೆಡುತ್ತದೆ.

ಸರಿಯಾಗಿ ತಲುಪಿತೇ ಎಂದು ಕಣ್ಣಳತೆಯಲ್ಲಿ ನಂಬಬೇಡಿ. ಎರಡೂ ಕಡೆ ಘನಗಾತ್ರ, ಮೇಲ್ಮೈ ವಿಸ್ತೀರ್ಣ, ಗುರುತ್ವ ಕೇಂದ್ರ ಮೂರನ್ನೂ ತೆಗೆದು ಹೋಲಿಸಿ. ರೈನೋದಲ್ಲಿ ವಾಲ್ಯೂಮ್, ಏರಿಯಾ, ವಾಲ್ಯೂಮ್‌ಸೆಂಟ್ರಾಯ್ಡ್ ಕಮಾಂಡ್‌ಗಳು, ಸಾಲಿಡ್‌ವರ್ಕ್ಸ್‌ನಲ್ಲಿ ಮಾಸ್ ಪ್ರಾಪರ್ಟೀಸ್. ಸ್ಟೆಪ್ ಫೈಲಿನಲ್ಲೇ ಈ ಮೂರನ್ನು ತಪಾಸಣೆಗೆಂದು ಬರೆದಿಡುವ ಪದ್ಧತಿಯೂ ಇದೆ, ಎಲ್ಲ ಸಾಫ್ಟ್‌ವೇರ್ ಬರೆಯುವುದಿಲ್ಲ. ಅಂಗೈ ಗಾತ್ರದ ಭಾಗಕ್ಕೆ ಶೇಕಡಾ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಲ್ಲೋ ಒಂದು ಮುಖ ಬದಲಾಗಿದೆ ಎಂದೇ ತಿಳಿದು ಹುಡುಕಿ. ಘನಗಾತ್ರ ಒಂದನ್ನೇ ನೋಡಿದರೆ ಸಾಲದು. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿದರೆ ಅದು ಸಮವಾಗಿಬಿಡುತ್ತದೆ, ಗುರುತ್ವ ಕೇಂದ್ರ ಸರಿದಿರುವುದು ಆಗ ಗುಟ್ಟು ಬಿಟ್ಟುಕೊಡುತ್ತದೆ.

ಎಸ್‌ಟಿಎಲ್ ಸಾಕೇ ಎಂದು ಕೇಳಿದ್ದೀರಿ. 3ಡಿ ಮುದ್ರಣಕ್ಕೆ ಸಾಕು, ಎಂಜಿನಿಯರಿಂಗ್‌ಗೆ ಇಲ್ಲ. ಅದರಲ್ಲಿರುವುದು ಚಪ್ಪಟೆ ತ್ರಿಕೋನಗಳು ಮಾತ್ರ. 50 ಮಿ.ಮೀ. ವ್ಯಾಸದ ವೃತ್ತವನ್ನು 0.1 ಮಿ.ಮೀ. ಒಳಗಿನ ತಪ್ಪಿನಲ್ಲಿ ತೋರಿಸಲು ಸುತ್ತ 36 ಬದಿ ಬೇಕು, 0.01ಕ್ಕೆ ಸುಮಾರು 112. ಬೈನರಿ ಎಸ್‌ಟಿಎಲ್‌ನಲ್ಲಿ ತ್ರಿಕೋನವೊಂದಕ್ಕೆ 50 ಬೈಟ್, ಮೇಲೆ 84 ಬೈಟ್. 2 ಲಕ್ಷ ತ್ರಿಕೋನವೆಂದರೆ ಸುಮಾರು 10 ಮೆಗಾಬೈಟ್. ಇದನ್ನು ಸಾಲಿಡ್ ಆಗಿ ಪರಿವರ್ತಿಸಿದರೆ 2 ಲಕ್ಷ ಮುಖಗಳ ಒಂದು ಭಾಗ ಸಿಗುತ್ತದೆ, ಅದರ ಮೇಲೆ ಒಂದು ಫಿಲೆಟ್ ಹಾಕಲೂ ಆಗದು. ಮುದ್ರಣಕ್ಕೂ ಈಗ 3ಎಂಎಫ್ ವಾಸಿ, ಅದರಲ್ಲಿ ಯುನಿಟ್ ಇರುತ್ತದೆ. ಸಬ್‌ಡಿ (ಒರಟು ಜಾಲವನ್ನು ನುಣುಪಾಗಿಸಿ ಪಡೆದ) ಮಾಡೆಲ್ ಆಗಿದ್ದರೆ ರೈನೋದಲ್ಲೇ ಟುನರ್ಬ್ಸ್ ಕಮಾಂಡ್‌ನಿಂದ ಸರ್ಫೇಸ್‌ಗಳಾಗಿ ಮಾಡಿ ಸ್ಟೆಪ್ ಕಳಿಸಿ. ಐದಾರು ಅಂಚು ಒಂದೇ ಬಿಂದುವಿನಲ್ಲಿ ಸೇರುವ ಕಡೆ ಸರ್ಫೇಸ್ ಚೂರುಚೂರಾಗುತ್ತದೆ, ಅಂಥ ಬಿಂದುಗಳನ್ನು ಕಡಿಮೆ ಬಾಗಿರುವ ಜಾಗಕ್ಕೆ ಸರಿಸಿಟ್ಟುಕೊಳ್ಳಿ.

ಒಂದೇ ಸಂಸ್ಥೆಯ ಸಾಫ್ಟ್‌ವೇರ್ ಎರಡೂ ಕಡೆ ಕೊಂಡರೆ ಈ ತಲೆನೋವೇ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 2006ರಲ್ಲಿ ಏರ್‌ಬಸ್ ಎ380 ವಿಮಾನ ತಡವಾದದ್ದಕ್ಕೆ ಒಂದು ದೊಡ್ಡ ಕಾರಣ, ಹ್ಯಾಂಬರ್ಗ್‌ನಲ್ಲಿ ಕಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರ್‌ನ 4ನೇ ಆವೃತ್ತಿ, ಟೂಲೂಸ್‌ನಲ್ಲಿ 5ನೇ ಆವೃತ್ತಿ ಇದ್ದು ವೈರಿಂಗ್ ವಿನ್ಯಾಸ ಹೊಂದಿಕೆಯಾಗದೆ ಹೋದದ್ದು. ಎರಡೂ ಒಂದೇ ಸಂಸ್ಥೆಯ ಸಾಫ್ಟ್‌ವೇರ್‌ನ ಆವೃತ್ತಿಗಳೇ.

ಕೊನೆಯದಾಗಿ, ನೀವು ಕೇಳದಿದ್ದರೂ ಎದುರಾಗಿಯೇ ಆಗುವ ಪ್ರಶ್ನೆ: ಆಕಾರ ತಿದ್ದಿ ಮತ್ತೆ ಕಳಿಸಿದಾಗ ಆ ಕಡೆ ಕಟ್ಟಿದ ರಿಬ್, ಬಾಸ್‌ಗಳೆಲ್ಲ ದೋಷ ತೋರಿಸಿ ಕೆಂಪಾಗುತ್ತವೆ. ಹೊಸ ಫೈಲಿನ ಮುಖಗಳು ಸಾಫ್ಟ್‌ವೇರ್‌ಗೆ ಅಪರಿಚಿತ, ಹಳೆಯ ಗುರುತು ಉಳಿದಿರುವುದಿಲ್ಲ. ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ಎಂಜಿನಿಯರಿಂಗ್ ತಂಡ ಆಮದಾದ ಮುಖಗಳಿಗೆ ನೇರವಾಗಿ ನೇತುಹಾಕಿಕೊಳ್ಳದೆ, ಸೊನ್ನೆ ದೂರದ ಆಫ್‌ಸೆಟ್ ಸರ್ಫೇಸ್ ಒಂದೆರಡನ್ನು ಮಾಡಿಕೊಂಡು ಎಲ್ಲ ಫೀಚರ್‌ಗಳಿಗೂ ಅವನ್ನೇ ಆಧಾರ ಮಾಡಲಿ, ಸ್ಕೆಚ್‌ಗಳನ್ನು ಮೂಲ ಪ್ಲೇನ್‌ಗಳ ಮೇಲೆ ಇಡಲಿ. ಆಗ ಹೊಸ ಆಕಾರ ಬಂದಾಗ ಆ ಒಂದೆರಡು ಕಡೆ ಮಾತ್ರ ಮರುಜೋಡಿಸಿದರೆ ಸಾಕು. ವಿನ್ಯಾಸ ತಂಡ ಮೂಲಬಿಂದು, ದಿಕ್ಕು ಬದಲಾಯಿಸಬಾರದು, ಕಾರಣವಿಲ್ಲದೆ ಮುಖಗಳನ್ನು ಸೀಳಬಾರದು. ಸಾಲಿಡ್‌ವರ್ಕ್ಸ್‌ನಿಂದ ಹಿಂದಕ್ಕೆ ಬರುವ ಸ್ಟೆಪ್ ಫೈಲನ್ನು ರೈನೋದಲ್ಲಿ ಹೋಲಿಕೆಗೆ ಬೇರೆ ಲೇಯರ್‌ನಲ್ಲಿ ಲಾಕ್ ಮಾಡಿ ಇಟ್ಟುಕೊಳ್ಳಿ, ಅದರ ಮೇಲೆಯೇ ಮುಂದಿನ ತಿದ್ದುಪಡಿ ಮಾಡಬೇಡಿ. ತಿದ್ದುವುದು ಯಾವಾಗಲೂ ನಿಮ್ಮ ಮೂಲ ಫೈಲಿನಲ್ಲಿ.